ಬಾಸ್ಟನ್ ಬ್ರೇಸ್ (ಬೆನ್ನುಮೂಳೆಯ ಬಾಗು ಹೆಚ್ಚದಂತೆ ಮೈಗೆ ಹಾಕುವ ಪ್ಲಾಸ್ಟಿಕ್ ಚಿಪ್ಪು) ಕೂತಾಗ ಮೇಲಕ್ಕೆ ಏರುತ್ತಿದೆ, ಕಂಕುಳು ಕೆಂಪಾಗಿದೆ. ಸಾಕಾಗಿ ಹೋಗಿದೆ!

ರಾಯಚೂರು_ಪಿಒ: ಒಂದೇ ಪೇಷಂಟ್ ಮೂರನೇ ಸಲ ವಾಪಸ್ ಬಂದಿದ್ದಾರೆ. 12 ವರ್ಷದ ಹುಡುಗಿ, ಬೆನ್ನುಮೂಳೆ ಎದೆಭಾಗದಲ್ಲಿ ಬಲಕ್ಕೆ ಬಾಗು, 32 ಡಿಗ್ರಿ. ನಿಂತಾಗ ಏನೂ ತೊಂದರೆ ಇಲ್ಲ. ಶಾಲೆಯ ಬೆಂಚಿನ ಮೇಲೆ ಕೂತರೆ ಇಡೀ ಚಿಪ್ಪು ಮೇಲೆ ಏರಿ ಎಡ ಕಂಕುಳಿಗೆ ಒತ್ತುತ್ತದೆ. ಪ್ಯಾಡ್ ಬದಲಿಸಿದೆ, ಸ್ಟ್ರಾಪ್ ಬದಲಿಸಿದೆ. ಅವರಮ್ಮ ನನ್ನ ಮುಖ ನೋಡಿದರೆ ಸಿಡುಕುತ್ತಾರೆ. ಯಾರಾದರೂ ದಾರಿ ಹೇಳಿ.

ಟ್ರಿಮ್‌ಲೈನ್_ತಿಮ್ಮಣ್ಣ: ಮುಂದಿನ ಕೆಳ ಅಂಚು ಉದ್ದ ಆಗಿದೆ. ಕೂತಾಗ ತೊಡೆ ತಾಗಿ ಮೇಲೆ ತಳ್ಳುತ್ತದೆ. ಕತ್ತರಿಸಿ, ಮುಗೀತು.

ರಾಯಚೂರು_ಪಿಒ: ಕತ್ತರಿಸಿಯೇ ಆಗಿದೆ ಸಾರ್. ತೊಡೆಗೂ ಅಂಚಿಗೂ ಎರಡು ಬೆರಳು ಜಾಗ ಇದೆ.

ಟ್ರಿಮ್‌ಲೈನ್_ತಿಮ್ಮಣ್ಣ: ಹಾಗಾದರೆ ಇನ್ನೊಂದು ಸೆಂಟಿಮೀಟರ್ ತೆಗೆಯಿರಿ. ಹತ್ತರಲ್ಲಿ ಎಂಟು ಕೇಸ್ ಇದೇ.

ಮೈಸೂರು_ಆರ್ಥೋಟಿಸ್ಟ್: ತಿಮ್ಮಣ್ಣ, ನಿಮಗೆ ಎಲ್ಲದಕ್ಕೂ ಕತ್ತರಿಯೇ ಮದ್ದು. ಇನ್ನೂ ತೆಗೆದರೆ ಹೊಟ್ಟೆಗೆ ಆಸರೆ ಎಲ್ಲಿ? ರಾಯಚೂರಿನವರೇ, ಅಪೆಕ್ಸ್, ಅಂದರೆ ಬಾಗಿನಲ್ಲಿ ಅತಿ ಹೆಚ್ಚು ಪಕ್ಕಕ್ಕೆ ಸರಿದ ಎಲುಬು, ಎಲ್ಲಿದೆ? ಬ್ರೇಸ್ ತೆಗೆದ ಮೇಲೆ ಕೆಂಪು ಎಷ್ಟು ಹೊತ್ತು ಉಳಿಯುತ್ತದೆ? ಅರ್ಧ ಗಂಟೆಯಲ್ಲಿ ಮಾಯವಾದರೆ ಚಿಂತೆ ಬೇಡ.

ರಾಯಚೂರು_ಪಿಒ: ಅಪೆಕ್ಸ್ ಟಿ8, ಎದೆಭಾಗದ ಎಂಟನೇ ಬೆನ್ನೆಲುಬು. ಪ್ಯಾಡ್ ಅದರ ಪಕ್ಕೆಲುಬಿನ ಮೇಲೇ ಇದೆ, ಮೇಲೆ ಹೋಗಿಲ್ಲ.

ಸ್ಕ್ಯಾನ್_ಶೆಟ್ಟಿ: ಪಿಒಪಿ (ಪ್ಲಾಸ್ಟರ್) ಹಾಕಿ ಅಚ್ಚು ತೆಗೆದಿದ್ದೀರಿ ಅಲ್ವಾ? ಅಲ್ಲೇ ತಪ್ಪು. ನಾವು ಸ್ಕ್ಯಾನ್ ಮಾಡಿ ಶೆನೋ ಅನ್ನೋ ಇನ್ನೊಂದು ಮಾದರಿಯ ಬ್ರೇಸ್ ಮಾಡುತ್ತೇವೆ. ಒಂದು ಕಡೆ ಒತ್ತಿದರೆ ಎದುರುಗಡೆ ಖಾಲಿ ಜಾಗ ಬೇಕು, ಮೈ ಅತ್ತ ಸರಿಯಬೇಕು. ಹಳೇ ಬಾಸ್ಟನ್‌ನಲ್ಲಿ ಸುಮ್ನೆ ಹಿಂಡುವುದು ಅಷ್ಟೇ.

ಮೈಸೂರು_ಆರ್ಥೋಟಿಸ್ಟ್: ಸುಮ್ನೆ ಹಿಂಡುವುದಾ? ಬಾಸ್ಟನ್‌ನಲ್ಲೂ ಪ್ಯಾಡ್ ಎದುರು ಜಾಗ ಬಿಡುತ್ತಾರೆ. ಸೊಂಟದ ತಗ್ಗನ್ನು ಕೈಯಲ್ಲಿ ಒತ್ತಿ ಗುರುತಿಸುವುದು ಗೊತ್ತಿಲ್ಲದಿದ್ದರೆ ಸ್ಕ್ಯಾನರ್ ಏನು ಮಾಡೀತು.

ಸ್ಕ್ಯಾನ್_ಶೆಟ್ಟಿ: ನಮ್ಮ ಹೊಸ ಓವನ್‌ಗೆ 4 ಮಿ.ಮೀ. ಪ್ಲಾಸ್ಟಿಕ್ ಹಾಳೆ ಹಾಕಿದರೆ ಒಂದು ಸುಕ್ಕಿಲ್ಲ. ಫೋಟೋ ಹಾಕುತ್ತೇನೆ ಇರಿ.

ಪಾಪು_ಅಮ್ಮ: ನಾನು ಟೆಕ್ನಿಶಿಯನ್ ಅಲ್ಲ, ಮಗಳು ಎರಡು ವರ್ಷದಿಂದ ಹಾಕುತ್ತಿದ್ದಾಳೆ. ನಮಗೆ ಹೇಳಿಕೊಟ್ಟಿದ್ದು: ಮಲಗಿಸಿ, ಮೊದಲು ಸೊಂಟದ ಪಟ್ಟಿ, ಆಮೇಲೆ ಮೇಲಿನದು. ಹೊಲಿಗೆ ಇಲ್ಲದ ಬನಿಯನ್. ಬ್ರೇಸಿನ ಬೆನ್ನ ಕಡೆಯ ಸೀಳು ಎಷ್ಟು ಅಗಲ ಇದೆ ನೋಡಿ ಸಾರ್. ನಮ್ಮದರಲ್ಲಿ ಕೆಳಗೆ ಹಿಗ್ಗುತ್ತಾ ಹೋದಾಗಲೇ ಏರೋಕೆ ಶುರುವಾಗಿತ್ತು.

ರಾಯಚೂರು_ಪಿಒ: ಈಗ ನೋಡಿದೆ. ಮೇಲೆ ಎರಡು ಬೆರಳು, ಕೆಳಗೆ ನಾಲ್ಕು ಬೆರಳು.

ಮೈಸೂರು_ಆರ್ಥೋಟಿಸ್ಟ್: ಬ್ರೇಸ್ ಯಾವಾಗ ಮಾಡಿದ್ದು?

ರಾಯಚೂರು_ಪಿಒ: ಹತ್ತು ತಿಂಗಳು ಆಯ್ತು. ಅದು ಹೇಳಬೇಕಿತ್ತಾ?

ಮೈಸೂರು_ಆರ್ಥೋಟಿಸ್ಟ್: ಹೇಳಬೇಕಿತ್ತಾ ಅಂತ ಕೇಳುತ್ತೀರಲ್ಲಪ್ಪಾ! ಬೆಳೆಯೋ ಮಗು. ಸೊಂಟ ಅಗಲ ಆಗಿದೆ, ಚಿಪ್ಪು ಮೂಳೆಯ ಮೇಲೆ ಇಳಿದು ಕೂರುತ್ತಿಲ್ಲ. ಕೆಳಗಿಂದ ಜಾರಿ ಮೇಲೆ ಹೋಗುತ್ತಿದೆ. ಎತ್ತರ, ಸೊಂಟ ಅಳೆಯಿರಿ. ಡಾಕ್ಟರ್ ಹತ್ತಿರ ಎಕ್ಸ್‌ರೇಗೆ ಕಳಿಸಿ, ಹೊಸ ಅಳತೆ ತೆಗೆಯಿರಿ. ಹೀಟ್ ಗನ್ ಹಿಡಿದು ಹಿಗ್ಗಿಸೋಕೆ ಹೋಗಬೇಡಿ.

ರಾಯಚೂರು_ಪಿಒ: ಸೊಂಟ 5 ಸೆಂ.ಮೀ. ಜಾಸ್ತಿ ಆಗಿದೆ. ಶಾಲೆಯಲ್ಲಿ ತೆಗೆದು ಬ್ಯಾಗಿನಲ್ಲಿ ಇಡುತ್ತಿದ್ದಳಂತೆ, ಅದೂ ಈಗ ಗೊತ್ತಾಯಿತು.

ಪಾಪು_ಅಮ್ಮ: ಬೈಯಬೇಡಿ. ಚುಚ್ಚುತ್ತಿದ್ದರೆ ಯಾರು ಹಾಕುತ್ತಾರೆ?

ಮೈಸೂರು_ಆರ್ಥೋಟಿಸ್ಟ್: ಆದರೂ ಗಂಟೆ ಲೆಕ್ಕ ಮುಖ್ಯ. 2013ರಲ್ಲಿ ಅಮೆರಿಕ, ಕೆನಡಾದ ಅಧ್ಯಯನದಲ್ಲಿ ದಿನಕ್ಕೆ ಸರಾಸರಿ 12.9 ಗಂಟೆಗಿಂತ ಜಾಸ್ತಿ ಹಾಕಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಬಾಗು 50 ಡಿಗ್ರಿ ತಲುಪಲಿಲ್ಲ. ಹೊಸದು ಬರುವ ತನಕ ಏನು ಮಾಡಬೇಕು ಅಂತ ಡಾಕ್ಟರನ್ನೇ ಕೇಳಿ.

ಟ್ರಿಮ್‌ಲೈನ್_ತಿಮ್ಮಣ್ಣ: ಹೊಸದರಲ್ಲಿ ಮುಂದಿನ ಅಂಚು ಮೊದಲೇ ಕಡಿಮೆ ಇಡಿ.

ಕಲಬುರಗಿ_ಬಿಸಿಲು: ಶೆಟ್ರೇ, ಆ ಓವನ್ ಎಷ್ಟು ಬಿತ್ತು? ಹಳೇದು ಮಾರೋದಿದ್ದರೆ ಹೇಳಿ.