ಅಪ್‌ಡೇಟ್: ಹುವಾ ಹಿನ್‌ಗೆ ನನ್ನ ಗಾಲ್ಫ್ ಕ್ಲಬ್‌ಗಳೇ ಬಂದವು

ಥಾಯ್ಲೆಂಡಿನ ಹುವಾ ಹಿನ್‌ನಲ್ಲಿರುವ ರೆಸಾರ್ಟಿಗೆ ಬೆಂಗಳೂರಿನಿಂದ ಸ್ವಂತ ಕ್ಲಬ್‌ಗಳನ್ನು (ಗಾಲ್ಫ್ ಆಡುವ ದಾಂಡುಗಳನ್ನು) ಒಯ್ಯಬೇಕೇ ಅಥವಾ ಅಲ್ಲಿಯೇ ಬಾಡಿಗೆಗೆ ಪಡೆಯಬೇಕೇ ಎಂದು ಹೋದ ತಿಂಗಳು ಕೇಳಿದ್ದೆ. ನಾನು ಎಡಗೈ ಆಟಗಾರನಾದ್ದರಿಂದ ಬಾಡಿಗೆಯ ಸೆಟ್ಟನ್ನು ನಂಬದೆ ನನ್ನದನ್ನೇ ಒಯ್ದೆ. ನಿಮ್ಮಲ್ಲೊಬ್ಬರು ಹೇಳಿದಂತೆ ಡ್ರೈವರ್ ಎಂಬ, ದೂರಕ್ಕೆ ಹೊಡೆಯುವ ಉದ್ದನೆಯ ಕ್ಲಬ್ಬಿನ ತಲೆಯನ್ನು ಬಿಚ್ಚಿ ದಪ್ಪ ಕಾಲುಚೀಲದೊಳಗೆ ಇಟ್ಟು, ಉಳಿದವುಗಳ ತಲೆಗೆ ಟವೆಲ್ ಸುತ್ತಿ, ಎಲ್ಲಕ್ಕಿಂತ ಎರಡು ಬೆರಳು ಎತ್ತರಕ್ಕೆ ನಿಲ್ಲುವ ಗಟ್ಟಿ ಕೋಲೊಂದನ್ನು, ಮೇಲಿಂದ ಬೀಳುವ ಪೆಟ್ಟು ಅದಕ್ಕೇ ತಾಗಲೆಂದು, ಚೀಲದ ನಡುವೆ ನಿಲ್ಲಿಸಿದ್ದೆ. ಬ್ಯಾಂಕಾಕಿನಲ್ಲಿ ಚೀಲದ ಮೇಲ್ತುದಿ ಜಜ್ಜಿಹೋಗಿದ್ದರೂ ಒಳಗೆ ಒಂದು ಕ್ಲಬ್ಬಿನ ಶಾಫ್ಟೂ (ಉದ್ದನೆಯ ಕಾಂಡವೂ) ಬಾಗಿರಲಿಲ್ಲ. ಅಲ್ಲಿಂದ ಸುಮಾರು 200 ಕಿಲೋಮೀಟರ್ ರಸ್ತೆ ಪ್ರಯಾಣ. ಕಾರಿನ ಡಿಕ್ಕಿಯಲ್ಲಿ ಚೀಲ ಹಿಡಿಯದು, ವ್ಯಾನನ್ನೇ ಗೊತ್ತುಮಾಡಿಕೊಳ್ಳಿ.

1924ರಲ್ಲಿ ಆರಂಭವಾದ, ರೈಲು ನಿಲ್ದಾಣದ ಪಕ್ಕದಲ್ಲೇ ಇರುವ ರಾಯಲ್ ಹುವಾ ಹಿನ್ ಮೈದಾನದಲ್ಲಿ ಎರಡು ಬೆಳಗು ಆಡಿದೆ. ಥಾಯ್ಲೆಂಡಿನಲ್ಲಿ ಕ್ಯಾಡಿಯನ್ನು (ಆಟಗಾರನ ಚೀಲ ನೋಡಿಕೊಂಡು ಸಲಹೆ ನೀಡುವ ಸಹಾಯಕರನ್ನು) ಜೊತೆಗೆ ಕರೆದೊಯ್ಯುವುದು ರೂಢಿ. ನನ್ನ ಕ್ಯಾಡಿಯಾಗಿ ಬಂದಿದ್ದ ಮಹಿಳೆ ಪ್ರತಿ ಗ್ರೀನಿನಲ್ಲಿಯೂ (ಗುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ) ಕುಕ್ಕರುಗಾಲಿನಲ್ಲಿ ಕುಳಿತು ಇಳಿಜಾರನ್ನು ನೋಡಿ, ಚೆಂಡಿನ ಮೇಲಿನ ಗೆರೆಯನ್ನು ತಾವೇ ಸರಿಯಾದ ದಿಕ್ಕಿಗೆ ತಿರುಗಿಸಿ ಇಡುತ್ತಿದ್ದರು. ಅವರ ಮಾತನ್ನು ಮೀರಿ ಹೊಡೆದ ಪಟ್ (ಚೆಂಡನ್ನು ಗುಳಿಯತ್ತ ಉರುಳಿಸುವ ಮೆಲ್ಲನೆಯ ಹೊಡೆತ) ಒಂದೂ ಗುಳಿಗೆ ಬೀಳಲಿಲ್ಲ. ಸಲಹೆ ನೀಡಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.