ಕ್ಲಸ್ಟರ್‌ನ ಎರಡನೇ ಫೈರ್‌ವಾಲ್ ‘ಹೋಲ್ಡ್’ ಬಿಟ್ಟು ಕದಲುತ್ತಿಲ್ಲ: ನಿಮಗೂ ಹೀಗಾಗಿತ್ತೇ?

ಪ್ರಶ್ನೆ:
ಎರಡು ಕೆವಿಎಂ ಹೋಸ್ಟ್‌ಗಳ (ವರ್ಚುವಲ್ ಯಂತ್ರಗಳನ್ನು ಓಡಿಸುವ ಲಿನಕ್ಸ್ ಸರ್ವರ್‌ಗಳು) ಮೇಲೆ ಒಂದೊಂದು ವಿಎಸ್‌ಆರ್‌ಎಕ್ಸ್ 3.0 (ಜುನಿಪರ್‌ನ ವರ್ಚುವಲ್ ಫೈರ್‌ವಾಲ್) ಇಟ್ಟು, ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವಂತೆ ಚಾಸಿಸ್ ಕ್ಲಸ್ಟರ್ ಕಟ್ಟಿದ್ದೇನೆ. ನೋಡ್ 0 ಪ್ರೈಮರಿ ಆಗಿದೆ. ನೋಡ್ 1 ಮಾತ್ರ ಒಮ್ಮೆ ‘ಹೋಲ್ಡ್’ (ಇನ್ನೂ ಸಿದ್ಧವಾಗಿಲ್ಲ), ಒಮ್ಮೆ ‘ಲಾಸ್ಟ್’ (ಸಂಪರ್ಕವೇ ಇಲ್ಲ). ಕಾನ್ಫಿಗರೇಷನ್ ಅಳಿಸಿ ಮೂರು ಸಲ ಬರೆದೆ. ಇನ್ನೆಲ್ಲಿ ಹುಡುಕಲಿ?

ಉತ್ತರ 1:
ನಾಲ್ಕನೇ ಸಲ ಬರೆಯಬೇಡಿ. ನಾನೂ ಎರಡು ರಾತ್ರಿ ಅದರಲ್ಲೇ ಕಳೆದಿದ್ದೆ, ದೋಷ ಕಾನ್ಫಿಗರೇಷನ್‌ನಲ್ಲಿ ಇರಲೇ ಇಲ್ಲ. ಮೊದಲು ‘ಶೋ ಚಾಸಿಸ್ ಎಫ್‌ಪಿಸಿ ಪಿಕ್-ಸ್ಟೇಟಸ್’ ನೋಡಿ. ಅಲ್ಲಿ ‘ಆನ್‌ಲೈನ್’ ಬಾರದಿದ್ದರೆ ಪ್ಯಾಕೆಟ್ ಸಾಗಿಸುವ ಭಾಗವೇ ಎದ್ದಿಲ್ಲ ಎಂದರ್ಥ. ಕ್ಲಸ್ಟರ್ ವಿಚಾರ ಆಮೇಲೆ. ಕನಿಷ್ಠ 2 ವರ್ಚುವಲ್ ಸಿಪಿಯು, 4 ಜಿಬಿ ಮೆಮೊರಿ ಕೊಟ್ಟಿದ್ದೀರಾ?

ಅದು ಸರಿಯಿದ್ದರೆ ನೆಟ್‌ವರ್ಕ್ ಕಾರ್ಡ್‌ಗಳ ಕ್ರಮ ನೋಡಿ. ಮೊದಲನೆಯದು ಎಫ್‌ಎಕ್ಸ್‌ಪಿ0, ಅಂದರೆ ನಿರ್ವಹಣೆಗೆ. ಎರಡನೆಯದು ಕ್ಲಸ್ಟರ್‌ನಲ್ಲಿ ಇಎಂ0 ಆಗಿ ಕಂಟ್ರೋಲ್ ಲಿಂಕ್, ಅಂದರೆ ನೋಡ್‌ಗಳು ಪರಸ್ಪರ ಮಾತಾಡುವ ದಾರಿ, ಆಗುತ್ತದೆ. ಎರಡೂ ನೋಡ್‌ಗಳಲ್ಲಿ ಈ ಎರಡನೇ ಕಾರ್ಡ್ ಒಂದೇ ನೆಟ್‌ವರ್ಕ್‌ನಲ್ಲಿರಬೇಕು.

ನಮ್ಮಲ್ಲಿ ಕ್ರಮವೂ ಸರಿಯಿತ್ತು. ಕಾಡಿದ್ದು ಹೋಸ್ಟ್‌ನ ಲಿನಕ್ಸ್ ಬ್ರಿಡ್ಜ್, ಅಂದರೆ ಹೋಸ್ಟ್ ಒಳಗಿನ ಸಾಫ್ಟ್‌ವೇರ್ ಸ್ವಿಚ್. ಅದರಲ್ಲಿ ಮಲ್ಟಿಕಾಸ್ಟ್ ಸ್ನೂಪಿಂಗ್ (ಗುಂಪಿಗೆ ಕಳಿಸಿದ ಪ್ಯಾಕೆಟ್‌ಗಳನ್ನು ಕೇಳಿದವರಿಗಷ್ಟೇ ತಲುಪಿಸುವ ಸೌಲಭ್ಯ) ಚಾಲನೆಯಲ್ಲಿದ್ದರೆ ಕಂಟ್ರೋಲ್ ಲಿಂಕ್ ಬಿದ್ದು ಎದ್ದು ಮಾಡುತ್ತದೆ. ನೀವು ಹೇಳುವ ಹೋಲ್ಡ್-ಲಾಸ್ಟ್ ಆಟ ಅದನ್ನೇ ನೆನಪಿಸಿತು. ಎರಡೂ ಹೋಸ್ಟ್‌ಗಳಲ್ಲಿ ಆ ಬ್ರಿಡ್ಜ್‌ನ ‘ಮಲ್ಟಿಕಾಸ್ಟ್_ಸ್ನೂಪಿಂಗ್’ ಮೌಲ್ಯವನ್ನು 0 ಮಾಡಿ, ನೋಡ್ 1ನ್ನು ರೀಬೂಟ್ ಮಾಡಿ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ನೋಡ್ 1 ಹೋಲ್ಡ್ ದಾಟಿತು, ಆದರೆ ಕ್ಲಸ್ಟರ್ ಸ್ಟೇಟಸ್‌ನಲ್ಲಿ ‘ಸಿಎಸ್’ ಎಂಬ ಸಂಕೇತ ಹೋಗಲೇ ಇಲ್ಲ. ಕೋಲ್ಡ್ ಸಿಂಕ್, ಅಂದರೆ ಹೊಸದಾಗಿ ಎದ್ದ ನೋಡ್ ಇನ್ನೊಂದರ ಸ್ಥಿತಿಯನ್ನು ನಕಲು ಮಾಡಿಕೊಳ್ಳುವ ಕೆಲಸ, ಮುಗಿದಿಲ್ಲ ಎಂಬ ಸೂಚನೆ ಅದು. ಬ್ರಿಡ್ಜ್‌ಗಳಿಗೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 9000 ಇಟ್ಟಿದ್ದೆವು, ನಡುವಿನ ಸ್ವಿಚ್ ಮಾತ್ರ 1500ರಲ್ಲೇ ಉಳಿದಿತ್ತು. ಸಾಮಾನ್ಯ ಪಿಂಗ್ ಹೋಗುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಪ್ಯಾಕೆಟ್ ಒಡೆಯಬಾರದು ಎಂಬ ಆಯ್ಕೆಯೊಂದಿಗೆ 8972 ಬೈಟ್‌ಗಳ (ಹೆಡರ್ ಸೇರಿ 9000) ಪಿಂಗ್ ಕಳಿಸಿದಾಗಲೇ ಸಿಕ್ಕಿಬಿದ್ದಿತು.

ಉತ್ತರ 3:
ಅದೇ ನೆಟ್‌ವರ್ಕ್‌ನಲ್ಲಿ ಇನ್ನೊಂದು ಕ್ಲಸ್ಟರ್ ಇದ್ದರೆ ಕ್ಲಸ್ಟರ್ ಐಡಿ ಬೇರೆಯಿರಲಿ. ರೆತ್ ಇಂಟರ್‌ಫೇಸ್‌ಗಳ (ಎರಡೂ ನೋಡ್‌ಗಳು ಹಂಚಿಕೊಳ್ಳುವ ಜೋಡಿ ಸಂಪರ್ಕಗಳು) ಮ್ಯಾಕ್ ವಿಳಾಸ ಆ ಸಂಖ್ಯೆಯಿಂದಲೇ ಹುಟ್ಟುತ್ತದೆ. ಎರಡೂ ನೋಡ್‌ಗಳ ಜೂನೋಸ್ (ಫೈರ್‌ವಾಲ್‌ನ ಆಪರೇಟಿಂಗ್ ಸಿಸ್ಟಂ) ಆವೃತ್ತಿಯೂ ಒಂದೇ ಆಗಿರಲಿ.

ಪ್ರಶ್ನೆ ಕೇಳಿದವರು:
ಸ್ನೂಪಿಂಗ್ ನಿಲ್ಲಿಸಿದೆ, ನೋಡ್ 1 ಸೆಕೆಂಡರಿ ಆಯಿತು! ಮೂವರಿಗೂ ಮನಸಾರೆ ಕೃತಜ್ಞತೆಗಳು. ಬೆಳಿಗ್ಗೆ ಹೋಸ್ಟ್ ರೀಬೂಟ್ ಆದ ಮೇಲೆ ಮತ್ತೆ ಹೋಲ್ಡ್‌ಗೆ ಹೋಗಿತ್ತು. ಲಿನಕ್ಸ್‌ನ ‘ಸಿಸ್’ ಕಡತದಲ್ಲಿ ಬರೆದ ಸ್ನೂಪಿಂಗ್ ಮೌಲ್ಯ ರೀಬೂಟ್‌ಗೆ ಉಳಿಯುವುದಿಲ್ಲ, ಆದ್ದರಿಂದ ಬ್ರಿಡ್ಜ್ ಏಳುವಾಗ ಓಡುವ ಸ್ಕ್ರಿಪ್ಟ್‌ನಲ್ಲಿ ಸೇರಿಸಿದ್ದೇನೆ.