‘ಆರ್ಗನೈಸಿಂಗ್ ನ್ಯುಮೋನಿಯಾ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ದೊಡ್ಡಪ್ಪನವರ ಸಿಟಿ ಸ್ಕ್ಯಾನ್ ನೋಡಿ ಮೊದಲು ಕ್ಯಾನ್ಸರ್ ಇರಬಹುದು ಅಂದರು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದ ಮೇಲೆ ಅದು ಆರ್ಗನೈಸಿಂಗ್ ನ್ಯುಮೋನಿಯಾ ಎಂದು ಗೊತ್ತಾಯಿತು. “ಹಾಗಂದ್ರೆ ಏನೋ?” ಎಂದು ದೊಡ್ಡಮ್ಮ ಕೇಳಿದಾಗ ನನ್ನ ಬಾಯಿ ಕಟ್ಟಿತು. ಮೊಬೈಲು ಕೊಟ್ಟ ಅನುವಾದ ‘ಸಂಘಟಿತ ನ್ಯುಮೋನಿಯಾ’. ಯಾವುದೋ ಕಾರ್ಮಿಕ ಸಂಘದ ಹೆಸರಿದ್ದ ಹಾಗಿದೆ!

ಇಲ್ಲಿ ಸಂಘಟನೆಯ ಮಾತೇ ಇಲ್ಲ. ಉರಿಯೂತದಿಂದ ಶ್ವಾಸಕೋಶದ ಗಾಳಿಗೂಡುಗಳೊಳಗೆ ಒಸರಿದ ದ್ರವ ಇಂಗಿಹೋಗದೆ, ಅಲ್ಲೇ ನಾರುನಾರಾದ ಹೊಸ ಮಾಂಸ ಬೆಳೆದು ಬಿರಡೆಯಂತೆ ಕೂತುಬಿಡುತ್ತದೆ. ಗಾಯ ಮಾಯುವಾಗ ಆಗುವುದೂ ಹೆಚ್ಚುಕಡಿಮೆ ಇದೇ. ತರಚಿದ ಮೊಣಕಾಲಿಗೆ ಬೇಕಾದ ಕೆಲಸ ಉಸಿರಾಡುವ ಜಾಗದಲ್ಲಿ ನಡೆದರೆ ರೋಗ. ಅದಕ್ಕೇ ‘ಮಾಯು’ ಧಾತುವಿನಿಂದ ಪದ ಕಟ್ಟುವ ಆಸೆ ನನಗೆ. ಆದರೆ ‘ಮಾಯುವ ನ್ಯುಮೋನಿಯಾ’ ಅಂದರೆ ತಾನಾಗಿ ವಾಸಿಯಾಗುತ್ತದೆ ಎಂದುಕೊಂಡು ಮಾತ್ರೆ ಬಿಟ್ಟಾರು. ಸ್ಟೆರಾಯ್ಡ್‌ಗೆ ಇದು ಬೇಗ ಬಗ್ಗುತ್ತದೆ ನಿಜ, ಡೋಸ್ ಇಳಿಸುತ್ತಿದ್ದಂತೆ ಮರುಕಳಿಸುವುದೂ ಉಂಟು. ‘ಮಾಂಸಗಟ್ಟಿದ ನ್ಯುಮೋನಿಯಾ’? ಅರ್ಥ ಸರಿ, ಕಿವಿಗೆ ಹಿತವಿಲ್ಲ. ಹೆಸರಿಡಲು ಇಂಗ್ಲಿಷಿನವರೂ ತಿಣುಕಿದ್ದಾರೆ ಬಿಡಿ: 1983ರಲ್ಲಿ ಒಂದು ಹೆಸರು, 1985ರಲ್ಲಿ ‘ಬೂಪ್’ (ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳು, BOOP) ಎಂಬ ಇನ್ನೊಂದು, ಆಮೇಲೆ ಬೂಪ್ ಬಿಟ್ಟು ಹೆಚ್ಚುಕಡಿಮೆ ಮೊದಲನೆಯದಕ್ಕೇ ವಾಪಸ್ಸು.

ಇನ್ನೊಂದು ತೊಡಕು. ಸ್ಕ್ಯಾನಿನಲ್ಲಿ ಶ್ವಾಸಕೋಶದೊಳಗೆ ಉಂಡೆಯಂತೆ ಕಾಣುವುದು 3 ಸೆಂ.ಮೀ. ವರೆಗಿದ್ದರೆ ‘ನಾಡ್ಯೂಲ್’, ಅದಕ್ಕಿಂತ ದೊಡ್ಡದು ‘ಮಾಸ್’. ವರದಿಯಲ್ಲಿದ್ದ ‘ಮಾಸ್’ ಅನ್ನು ನಾನು ‘ಗಡ್ಡೆ’ ಎಂದು ಓದಿದೆ, ಮನೆಯಲ್ಲಿ ಅಳು ಶುರುವಾಯಿತು. ನಮ್ಮಲ್ಲಿ ಗಡ್ಡೆ ಅಂದರೆ ಕ್ಯಾನ್ಸರೇ. ‘ಗಂಟು’ ಅಂದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಆದರೆ ಆಗ ನಾಡ್ಯೂಲ್‌ಗೆ ಏನು ಉಳಿಯಿತು?

ಕೊನೆಯದು ‘ಅಟಾಲ್ ಸೈನ್’. ಈ ರೋಗದಲ್ಲಿ ಸಿಟಿಯಲ್ಲಿ ಕೆಲವೊಮ್ಮೆ ನಡುವೆ ಮಸುಕು, ಸುತ್ತ ಬಿಳಿಯ ದಪ್ಪ ಅಂಚು ಕಾಣುತ್ತದೆ. ಅಟಾಲ್ ಅಂದರೆ ಬಳಸಿಕೊಂಡು ಉಂಗುರದಂತಿರುವ ಹವಳದ್ವೀಪ; ಮಾಲ್ಡೀವ್ಸ್‌ನ ದಿವೇಹಿ ಭಾಷೆಯಿಂದ ಇಂಗ್ಲಿಷಿಗೆ ಹೋದ ಪದವಿದು. ‘ಕಂಕಣಾಕಾರದ ಹವಳದ್ವೀಪದ ಚಿಹ್ನೆ’ ಎಂದು ಬರೆದು ನಾನೇ ಹೊಡೆದುಹಾಕಿದೆ. ದೊಡ್ಡಮ್ಮನಿಗೆ ಫಿಲ್ಮು ತೋರಿಸಿದಾಗ “ಬಳೆ ಇದ್ದ ಹಾಗಿದೆಯಲ್ಲೋ” ಅಂದರು. ‘ಬಳೆ ಗುರುತು’ ಆದೀತೇ? ಬಲ್ಲವರು ತಿಳಿಸಿ.